ಕೊನೆಯ ಚೀವರ

ಪಾಕ್‌ಬಾಂಗ್
೪ ಫೆಬ್ರವರಿ, ಬುದ್ಧಶಕ ೨೫೩೯

ಮಗಳೇ ಮಯೋಮ್,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಮಾವ ಸೋಮಾರಿಯಾದ ಎಂದು ನೀನು ಗೊಣಗಿರುತ್ತೀಯ. ಸೋಮಾರಿತನವಲ್ಲ, ಸಾವಿನ ಸುಗ್ಗಿ. ಒಂದೇ ತಿಂಗಳಲ್ಲಿ ಊರಿನಲ್ಲಿ ನಾಲ್ವರು ಹೋದರು. ಶಾಲೆ ನನ್ನನ್ನು ಬಿಟ್ಟು ಏಳು ವರ್ಷವಾದರೂ ವಿಹಾರದ ಮೈಕು ಬಿಡುತ್ತಿಲ್ಲ. ಹೆಣ ಯಾರದ್ದೇ ಇರಲಿ, ಹೆಸರು ಕೂಗುವವನು ನಾನೇ.

ಮೊನ್ನೆ ಹಂದಿ ವ್ಯಾಪಾರಿಯ ತಾಯಿಯ ದಹನದಲ್ಲಿ ನನಗೆ ಬೆವರಿಳಿಯಿತು. ನೀನು ಚಿಕ್ಕಂದಿನಿಂದ ನೋಡಿದ್ದೀಯ, ಪೆಟ್ಟಿಗೆಯ ಮುಂದೆ ಭಿಕ್ಷುಗಳು ಉಡುವ ಕಾವಿಬಟ್ಟೆ, ಚೀವರ, ಇಡಲು ಜನರನ್ನು ಕರೆಯುವಾಗ ಚಿಕ್ಕವರಿಂದ ಶುರುಮಾಡಿ ದೊಡ್ಡವರಿಗೆ ಬರಬೇಕು. ಕೊನೆಯ ಚೀವರ ಇಟ್ಟವರೇ ಮೊದಲ ಬೆಂಕಿಯನ್ನೂ ಮುಟ್ಟಿಸಬೇಕು. ಅಂದು ತಹಸೀಲ್ದಾರನೂ ಇನ್ಸ್‌ಪೆಕ್ಟರನೂ ಇಬ್ಬರೂ ಬಂದು ಮುಂದಿನ ಸಾಲಿನಲ್ಲಿ ಕೂತುಬಿಟ್ಟರು. ನಾನು ಇನ್ಸ್‌ಪೆಕ್ಟರನ ಹೆಸರನ್ನು ಮೊದಲು ಕರೆದೆ. ತಾನು ಚಿಕ್ಕವನಾದೆನೆಂದು ಆತ ಕೆಮ್ಮುತ್ತಾ, ಬೂಟಿನ ದಾರ ಬಿಗಿಯುತ್ತಾ ಐದು ನಿಮಿಷ ಏಳಲೇ ಇಲ್ಲ. ಸತ್ತ ಮುದುಕಿಯೇ ಬೇಜಾರಾಗಿ ಎದ್ದು ಬೆಂಕಿ ಹಚ್ಚಿಕೊಳ್ಳುತ್ತಿದ್ದಳೇನೋ. ಬದುಕಿರುವವರ ದೊಡ್ಡಸ್ತಿಕೆ ಅಳೆಯಲು ನಮ್ಮ ಜನಕ್ಕೆ ಒಂದು ಹೆಣ ಬೇಕು.

ಈಗ ಕೆಲಸದ ಮಾತು. ಚಲೂಯ್ ದಿನಕ್ಕೆರಡು ಸಲ ನಮ್ಮ ಮನೆಗೆ ಬರುತ್ತಿದ್ದಾನೆ. ನನ್ನ ತಂಗಿ, ನಿನ್ನ ಅಮ್ಮ, ತೀರಿಹೋದ ವರ್ಷ ನಿನ್ನ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸಿದ ಅದೇ ಚಲೂಯ್. ಏಡಿ ಹಿಡಿಯುವುದು ಬಿಟ್ಟು ಈಗ ಬಂದರಿನ ವಿರುದ್ಧ ಸಹಿ ಹಿಡಿಯುತ್ತಿದ್ದಾನೆ. ಮೂರು ಸಾವಿರ ಹೆಬ್ಬೆಟ್ಟು ಸೇರಿಸಿದ್ದಾನೆ. ನಮ್ಮ ದಂಡೆ ಸಾರ್ವಜನಿಕರದ್ದಲ್ಲ ಎಂದು ಸಂಸತ್ತಿನ ಸಮಿತಿ ಒಪ್ಪಿಬಿಟ್ಟರೆ ಸಿರಿಸಮುತ್ ಬ್ಯಾಂಕಿನ ಬಂದರು ಕಂಪನಿ ಮರುದಿನವೇ ಬೇಲಿ ಹಾಕುತ್ತದೆ. ನೂರಾ ನಲವತ್ತು ಮನೆ, ಮಗಳೇ. ನಿನ್ನದೂ ಅದರಲ್ಲೊಂದು.

ನೀನು ಸಂಸದ ದನೈ ಅವರ ಕಚೇರಿ ಸೇರಿದ್ದು ಕೇಳಿ ಚಲೂಯ್‌ಗೆ ನನಗಿಂತ ಹೆಚ್ಚು ಖುಷಿ. "ಮೇಷ್ಟ್ರೇ, ನಿಮ್ಮ ಹುಡುಗಿ ಈಗ ದೊಡ್ಡೋರ ಬಾಗಿಲು ಕಾಯ್ತಾಳಂತೆ. ಒಂಚೂರು ಓರೆ ಮಾಡಿ ಇಟ್ಟಿರು ಅಂತ ಬರೀರಿ. ಏಡಿ ಥರ ಅಡ್ಡಡ್ಡ ನುಗ್ಗಿಬಿಡ್ತೀನಿ" ಎಂದ. ಚುನಾವಣೆಯಲ್ಲಿ ದನೈ ಇವನ ಮನೆಯಲ್ಲೇ ಕೂತು ಏಡಿ ಸಾರು ಉಂಡು, "ಬಂದರು ಬಂದ್ರೆ ನನ್ನ ಹೆಣದ ಮೇಲೆ" ಎಂದು ಹೇಳಿಹೋಗಿದ್ದರಲ್ಲ. ಆ ಮಾತು ಈಗಲೂ ಹಾಗೇ ಇದೆಯೇ ಎಂದು ತಿಳಿಸು.

ನಿನ್ನ ಮಾವ,
ಸಂಗುವಾನ್


ಬ್ಯಾಂಕಾಕ್
೨೭ ಫೆಬ್ರವರಿ

ಮಾವಾ,

ಸತ್ತ ಮುದುಕಿಯ ಮಾತು ಓದಿ ಕಚೇರಿಯಲ್ಲೇ ನಕ್ಕುಬಿಟ್ಟೆ. ಟೈಪಿಸ್ಟು ನನಗೇನೋ ಮದುವೆ ಗೊತ್ತಾಗಿದೆ ಎಂದುಕೊಂಡಳು.

ಕೊಟ್ಟ ಮಾತು ಹಾಗೇ ಇದೆ ಎಂದು ಚಲೂಯ್ ಚಿಕ್ಕಪ್ಪನಿಗೆ ಹೇಳಿ. ಬಂದರಿನ ಪರ ನಿಂತಿರುವ ಮಂತ್ರಿ ಚಾಮ್ನಾನ್ ಹೆಸರು ಕೇಳಿದರೆ ನಮ್ಮ ಸಾಹೇಬರ ಮುಖ ಕೆಂಪಾಗುತ್ತದೆ. ಕಳೆದ ವಾರ ಸಭೆಯಲ್ಲಿ ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿ, ಅಧ್ಯಕ್ಷರು ಗಂಟೆ ಬಾರಿಸಿ ಬಾರಿಸಿ ಸುಸ್ತಾದರು. ಪತ್ರಿಕೆಯಲ್ಲಿ ಫೋಟೋ ಬಂದಿತ್ತು, ನೋಡಿದ್ದೀರಾ? ಹಿಂದೆ ಅರ್ಧ ಕಾಣುವ ಕಿವಿ ನನ್ನದು.

ಸಮಿತಿಯಲ್ಲಿ ಹದಿನೈದು ಜನ. ಎಂಟು ಆಳುವ ಪಕ್ಷ, ಏಳು ನಮ್ಮದು. ಆ ಎಂಟರಲ್ಲಿ ಇಬ್ಬರು ಅತ್ತಿತ್ತ ಆಡುತ್ತಿದ್ದಾರೆ, ಅವರೂ ಕಡಲ ಕಡೆಯವರು. ಏಡಿ ಮೊಟ್ಟೆಯಿಡುವ ಜಾಗಗಳ ನಕ್ಷೆ ಹಿಡಿದು ಒಬ್ಬ ಮೀನುಗಾರ ಎದುರು ನಿಂತು ಮಾತಾಡಿದರೆ ಆ ಇಬ್ಬರು ವಾಲುತ್ತಾರೆ ಎಂದು ಸಾಹೇಬರು ಹೇಳಿದರು. ಆದ್ದರಿಂದ ಚಿಕ್ಕಪ್ಪ ಬರಲೇಬೇಕು. ಏಪ್ರಿಲ್ ಇಪ್ಪತ್ತಮೂರು, ಬೆಳಗ್ಗೆ ಹತ್ತು ಗಂಟೆ. ನಾನೇ ಸಾಹೇಬರ ದಿನಚರಿಯಲ್ಲಿ ಬರೆದಿದ್ದೇನೆ.

ಇನ್ನೊಂದು ತಮಾಷೆ. ಚೀನೀ ಹೊಸವರ್ಷಕ್ಕೆ ಸಿರಿಸಮುತ್ ಬ್ಯಾಂಕಿನಿಂದ ಕಿತ್ತಳೆ ಪೆಟ್ಟಿಗೆ ಬಂತು. ತಂದವರು ಸುತೀ ಎಂಬ ಸಂಪರ್ಕಾಧಿಕಾರಿ. ಬಹಳ ಮೆತ್ತಗೆ ಮಾತಾಡುತ್ತಾರೆ, ಇಲ್ಲಿರುವ ಎಲ್ಲ ಟೈಪಿಸ್ಟುಗಳ ಹುಟ್ಟುಹಬ್ಬ ಅವರಿಗೆ ಬಾಯಿಪಾಠ. ಅವರ ಡ್ರೈವರಿನ ಕೈಯಲ್ಲಿದ್ದ ಪಟ್ಟಿ ನೋಡಿದೆ. ಮೇಲೆ ನಮ್ಮ ಸಾಹೇಬರ ಹೆಸರು, ಅದರ ಕೆಳಗೇ ಚಾಮ್ನಾನ್! ಸಾಹೇಬರನ್ನು ಕೇಳಿದರೆ, "ಕಿತ್ತಳೆಗೆ ಪಕ್ಷ ಇದೆಯೇನಮ್ಮ?" ಎಂದು ನಕ್ಕರು. ನಾನೂ ಎರಡು ತಿಂದೆ. ಸುಳ್ಳೇಕೆ ಹೇಳಲಿ, ಬಹಳ ಸಿಹಿಯಾಗಿದ್ದವು.

ನಿಮ್ಮ
ಮಯೋಮ್


ಪಾಕ್‌ಬಾಂಗ್
೨ ಏಪ್ರಿಲ್

ಮಗಳೇ,

ನಿನ್ನ ಕಾಗದವನ್ನು ಕಾಫಿ ಅಂಗಡಿಯಲ್ಲಿ ನನ್ನಿಂದ ಮೂರು ಸಲ ಓದಿಸಿದರು. ಕಿತ್ತಳೆಯ ಭಾಗ ಬಂದಾಗ ಚಲೂಯ್, "ನಮ್ಮ ಹುಡುಗೀಗೂ ಹಣ್ಣು ತಿನ್ನಿಸಿಬಿಟ್ರಲ್ಲ ಕಳ್ಳರು! ಬಂದ್ಮೇಲೆ ಎರಡು ದಿನ ಬರೀ ಉಪ್ಪುಮೀನು ಹಾಕಿ, ಬಾಯಿ ಸರಿಹೋಗ್ಲಿ" ಎಂದ. ಎಲ್ಲರೂ ನಕ್ಕರು. ಅವನ ಹೆಂಡತಿ ಸಾಯ್‌ಬುವಾ ಮಾತ್ರ ನಗಲಿಲ್ಲ. ಅವಳಿಗೆ ನಿದ್ದೆ ಬಂದು ಎಷ್ಟು ದಿನವಾಯಿತೋ.

ಕಾರಣವಿದೆ. ಹೋದ ವಾರ ಚಲೂಯ್‌ನ ಬಲೆಗಳನ್ನು ಯಾರೋ ಕೊಯ್ದುಹಾಕಿದರು. ಮೋಟಾರ್ ಸೈಕಲ್ಲಿನಲ್ಲಿ ಇಬ್ಬರು ಹೊಸಬರು ಬಂದು ಕಾಫಿ ಅಂಗಡಿಯಲ್ಲಿ ಕೂರುತ್ತಾರೆ. ಕಾಫಿ ಮುಟ್ಟುವುದಿಲ್ಲ, ದುಡ್ಡು ಇಟ್ಟು ಹೋಗುತ್ತಾರೆ. ಕಾಫಿ ಕುಡಿಯದವನು ಕಾಫಿ ಅಂಗಡಿಗೆ ಬಂದರೆ ಊರಿಗೆ ಅರ್ಥವಾಗುವುದಿಲ್ಲವೇ?

ಹಾಗಾಗಿ ಚಲೂಯ್ ಒಂದು ಉಪಾಯ ಮಾಡಿದ್ದಾನೆ. ಇಪ್ಪತ್ತೆರಡರ ಬೆಳಗಿನ ರೈಲಿಗೆ ಹೋಗುತ್ತೇನೆಂದು ಊರೆಲ್ಲ ಟಾಂಟಾಂ ಮಾಡಿದ್ದಾನೆ. ಟಿಕೆಟ್ಟನ್ನೂ ಕೊಂಡು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ. ಆದರೆ ಅವನು ರೈಲು ಹತ್ತುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ತಂಗಿಯ ಮನೆಯಲ್ಲಿ ಅಡಗಿದ್ದು, ಐದೂವರೆಗೆ ಮೂರುದಾರಿಯಲ್ಲಿ ಬ್ಯಾಂಕಾಕಿನ ಬಸ್ಸು ಹಿಡಿಯುತ್ತಾನೆ. ಇದು ಗೊತ್ತಿರುವುದು ನನಗೆ, ಸಾಯ್‌ಬುವಾಗೆ, ಆ ತಂಗಿಗೆ, ಈಗ ನಿನಗೆ. ಬಸ್ ನಿಲ್ದಾಣದಲ್ಲಿ ನೀನು ಅವನನ್ನು ಕರೆದುಕೊಳ್ಳಬೇಕಲ್ಲ ಎಂದು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಇದಕ್ಕಾಗಿ ಒಂದು ಬಿಳಿ ಅಂಗಿ ಹೊಲಿಸಿದ್ದಾನೆ. ಜೇಬು ದೊಡ್ಡದಿರಬೇಕು, ನಕ್ಷೆ ಹಿಡಿಸಬೇಕು ಎಂದು ದರ್ಜಿಯ ತಲೆ ತಿಂದ. ಈಗ ಅಂಗಿಗಿಂತ ಜೇಬೇ ದೊಡ್ಡದಾಗಿದೆ.

ನಿನ್ನ ಮಾವ,
ಸಂಗುವಾನ್


ಬ್ಯಾಂಕಾಕ್
೧೧ ಏಪ್ರಿಲ್

ಮಾವಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಎಲ್ಲ ಏರ್ಪಾಡಾಗಿದೆ. ಚಿಕ್ಕಪ್ಪ ಹೇಗೆ ಬರುತ್ತಾರೆಂದು ಸಾಹೇಬರೇ ಕೇಳಿದರು, ಬಸ್ಸಿನಲ್ಲಿ ಎಂದೆ. "ಮುದುಕರು, ಬಸ್ಸಿಳಿದು ಎಲ್ಲಿ ಅಲೀತಾರೆ? ನನ್ನ ಕಾರು ಕಳಿಸ್ತೀನಿ, ಎಲ್ಲಿ ಹತ್ತೋದು, ಯಾವ ಬಸ್ಸು, ಎಲ್ಲಾ ಬರೆದುಕೊಡು" ಎಂದರು. ಚೀಟಿಯಲ್ಲಿ ಬರೆದು ಕೊಟ್ಟೆ. ಮೂರುದಾರಿ, ಐದೂವರೆ, ನೀಲಿ ಬಸ್ಸು. ನಮ್ಮೂರಿನವನಿಗೆ ಸಂಸದರ ಕಾರು, ಯೋಚಿಸಿ! ಗುಟ್ಟು ಹೊರಗೆ ಹೋಗಬಾರದೆಂದೂ ಹೇಳಿದೆ. "ನನಗೇ ಹೇಳಿಕೊಡ್ತೀಯಾ?" ಎಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

ನೀರೆರೆಯುವ ಹಬ್ಬಕ್ಕೆ ಬರಲು ರಜೆಯಿಲ್ಲ. ನನ್ನ ಪರವಾಗಿ ದೊಡ್ಡ ಗುರುಗಳ ಕೈಗೆ ನೀರು ಹಾಕಿ. ನನ್ನ ಹುಟ್ಟುಹಬ್ಬಕ್ಕೆ ಸುತೀ ಅವರು ಒಂದು ಪೆನ್ನು ಕೊಟ್ಟರು, ಈ ಕಾಗದ ಅದರಲ್ಲೇ ಬರೆದದ್ದು. ಅಕ್ಷರ ಚೆನ್ನಾಗಿ ಬಂದಿವೆಯಲ್ಲವೇ?

ನಿಮ್ಮ
ಮಯೋಮ್


ಪಾಕ್‌ಬಾಂಗ್
೨೬ ಏಪ್ರಿಲ್

ಮಯೋಮ್,

ತಂತಿ ತಲುಪಿರಬೇಕು. ಫೋನಿನಲ್ಲಿ ನಿನ್ನ ಕಚೇರಿಯವರು ನೀನು ಹೊರಗೆ ಹೋಗಿದ್ದೀ ಎಂದರು. ಮೂರು ದಿನವೂ ಹಾಗೇ ಹೇಳಿದರು.

ಚಲೂಯ್ ಮೂರುದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಗುಂಡು ಹೊಡೆದರು. ಐದು ಇಪ್ಪತ್ತಕ್ಕೆ. ಹಣ್ಣಿನಂಗಡಿಯ ಹೆಂಗಸು ಹತ್ತು ಹೆಜ್ಜೆ ದೂರದಲ್ಲಿದ್ದಳು, ಏನೂ ನೋಡಿಲ್ಲ ಎನ್ನುತ್ತಾಳೆ. ನಕ್ಷೆ ಜೇಬಿನಲ್ಲೇ ಇತ್ತು, ತೂತಾಗಿತ್ತು. ಬಸ್ಸು ಸರಿಯಾದ ಹೊತ್ತಿಗೆ ಬಂತು, ನಿಲ್ಲಿಸದೆ ಹೋಯಿತು.

ಏಡಿ ದರದ ಜಗಳವೆಂದು ಪೊಲೀಸರು ಬರೆದುಕೊಂಡಿದ್ದಾರೆ. ಯಾರ ಜೊತೆ ಜಗಳ ಎಂದು ಕೇಳಿದೆ. "ವಿಚಾರಣೆ ನಡೀತಾ ಇದೆ ಮೇಷ್ಟ್ರೇ, ನೀವು ಮೈಕು ನೋಡ್ಕೊಳ್ಳಿ" ಎಂದ ಇನ್ಸ್‌ಪೆಕ್ಟರ್.

ರೈಲಿನಲ್ಲಿ ಹೋಗುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ರೈಲು ನಿಲ್ದಾಣದಲ್ಲಿ ಅಂದು ಯಾರೂ ಕಾಯಲಿಲ್ಲ, ನಾನೇ ಹೋಗಿ ನೋಡಿದ್ದೆ. ಮೂರುದಾರಿಯಲ್ಲಿ ಕಾದರು. ಸಾಯ್‌ಬುವಾ ಹೇಳಿಲ್ಲ, ಚಲೂಯ್‌ನ ತಂಗಿ ಹೇಳಿಲ್ಲ, ನಾನು ನಿನಗಲ್ಲದೆ ಇನ್ನೊಂದು ನರಪಿಳ್ಳೆಗೆ ಹೇಳಿಲ್ಲ.

ನಿನ್ನ ಮೇಲೆ ಅನುಮಾನವಿಲ್ಲ ಮಗಳೇ. ಆ ಚೀಟಿ ಜೇಬಿನಿಂದ ಎಲ್ಲಿಗೆ ಹೋಯಿತು ಎಂದು ಮಾತ್ರ ಕೇಳುತ್ತಿದ್ದೇನೆ. ಮೇ ಐದರಂದು ದಹನ. ಬಾ.

ಮಾವ


ಪಾಕ್‌ಬಾಂಗ್
೯ ಮೇ

ಮಯೋಮ್,

ನೀನು ಬರಲಿಲ್ಲ. ನಿನ್ನ ಕಚೇರಿಯ ಹೆಸರಿನ ಹೂಚಕ್ರ ಬಂತು. ಪಕ್ಕದಲ್ಲೇ ಮಂತ್ರಿ ಚಾಮ್ನಾನರದ್ದು. ಎರಡೂ ಒಂದೇ ಅಂಗಡಿಯವು, ಒಂದೇ ಬಣ್ಣದ ಆರ್ಕಿಡ್. ಹೂವು ಹೊತ್ತು ತಂದವನನ್ನು ಕೇಳಿದೆ. "ಎರಡಕ್ಕೂ ಬ್ಯಾಂಕಿಂದ್ಲೇ ಹೇಳಿದ್ರು ಮೇಷ್ಟ್ರೇ, ಒಟ್ಟಿಗೇ ಕಟ್ಟಿದ್ವಿ" ಎಂದ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಮಂತ್ರಿ ಬರುತ್ತಾರೆ, ಸಂಸದರೂ ಬರುತ್ತಾರೆ ಎಂದು ಹಿಂದಿನ ದಿನವೇ ತಿಳಿಯಿತು. ಕೊನೆಯ ಚೀವರ ಯಾರದ್ದು? ಮಂತ್ರಿ ಪದವಿಯಲ್ಲಿ ದೊಡ್ಡವರು. ಆದರೆ ಸಾಯ್‌ಬುವಾ, "ನಮ್ಮ ಮನೇಲಿ ಉಂಡೋರು ದನೈ. ಅವರೇ ಬೆಂಕಿ ಇಡ್ಲಿ, ಆ ಮಂತ್ರಿ ಕೈ ನನ್ನ ಗಂಡನ ಹತ್ರ ಬರಬಾರದು" ಎಂದಿದ್ದಳು. ಹೋದ ಚುನಾವಣೆಯಲ್ಲಿ ಇವರಿಬ್ಬರ ಕಡೆಯವರು ನಮ್ಮ ಮಾರುಕಟ್ಟೆಯಲ್ಲಿ ಕುರ್ಚಿ ಎಸೆದಾಡಿ ಐದು ಜನರ ತಲೆ ಒಡೆದಿದ್ದು ನೆನಪಿದೆಯಲ್ಲ. ರಾತ್ರಿಯೆಲ್ಲ ಪಟ್ಟಿ ಬರೆದೆ, ಹರಿದೆ, ಬರೆದೆ. ದೊಡ್ಡ ಗುರುಗಳನ್ನು ಕೇಳಿದರೆ, "ಸತ್ತೋನಿಗೆ ಏನೂ ಆಗ್ಬೇಕಾಗಿಲ್ಲ, ನೀನು ಕುರ್ಚಿ ಕಟ್ಟಿಹಾಕು" ಎಂದರು.

ಅಂದು ಇಬ್ಬರೂ ಬಂದರು. ಜಗಳವಾಗಲಿಲ್ಲ. ಮಂತ್ರಿ ಎಡಗಡೆ ಕುರ್ಚಿಗೆ ಹೋದರು, ದನೈ ಬಲಗಡೆಯದಕ್ಕೆ. ನಡುವಿನ ದೊಡ್ಡ ಕುರ್ಚಿ ಖಾಲಿ. ನೀವು ಕೂತುಕೊಳ್ಳಿ, ನೀವು ಕೂತುಕೊಳ್ಳಿ ಎನ್ನುವ ಉಪಚಾರವೂ ಇಲ್ಲ, ಮುಂಚೆಯೇ ಗೊತ್ತಿದ್ದ ಹಾಗೆ. ಹತ್ತು ನಿಮಿಷದ ಮೇಲೆ ಸಾದಾ ಕಪ್ಪು ಅಂಗಿಯ ಒಬ್ಬ ಮುದುಕರು ನಿಧಾನವಾಗಿ ನಡೆದು ಬಂದರು. ಇಬ್ಬರೂ ಒಟ್ಟಿಗೆ ಎದ್ದು, ಒಟ್ಟಿಗೆ ಸೊಂಟ ಬಗ್ಗಿಸಿ ಕೈಮುಗಿದರು. ಶಾಲೆಯ ಮಕ್ಕಳಿಗೆ ತಿಂಗಳುಗಟ್ಟಲೆ ಕಲಿಸಿದರೂ ನನಗೆ ಅಷ್ಟು ಸಮನಾಗಿ ಬಗ್ಗಿಸಲು ಆಗಿರಲಿಲ್ಲ. ಮುದುಕರು ನಡುವೆ ಕೂತರು.

ನಾನು ಹೆಸರು ಕರೆಯತೊಡಗಿದ್ದೆ. ಹಳ್ಳಿಯ ಹಿರಿಯರು, ಶಾಲೆಯ ಮುಖ್ಯಸ್ಥೆ, ತಹಸೀಲ್ದಾರ್. ಆಗ ಮೆತ್ತಗೆ ಮಾತಾಡುವ ಒಬ್ಬ ಮನುಷ್ಯ ಪಕ್ಕಕ್ಕೆ ಬಂದು, "ಮೇಷ್ಟ್ರೇ, ಕೊನೇದು ಇದು" ಎಂದು ಚೀಟಿ ಕೈಗಿಟ್ಟ. ನೀನು ಬರೆದ ಆ ಸುತೀಯೇ ಇರಬೇಕು. ಮೂವತ್ತು ವರ್ಷದ ಅಭ್ಯಾಸ, ಮಗಳೇ. ಕೈಗೆ ಚೀಟಿ ಬಂದರೆ ಬಾಯಿ ತಾನೇ ಓದುತ್ತದೆ. ಮಂತ್ರಿಗಳ ಹೆಸರು ಓದಿದೆ, ಸಂಸದರ ಹೆಸರು ಓದಿದೆ, ಆಮೇಲೆ ಇಡೀ ಊರಿಗೆ ಕೇಳುವಂತೆ, "ಕೊನೆಯ ಚೀವರ ಅರ್ಪಿಸಿ ಅಗ್ನಿಸ್ಪರ್ಶ ಮಾಡಬೇಕೆಂದು ಸಿರಿಸಮುತ್ ಬ್ಯಾಂಕಿನ ಅಧ್ಯಕ್ಷರಾದ ಮಾನ್ಯ ವಿರುಣ್ ಅವರನ್ನು ಗೌರವಪೂರ್ವಕವಾಗಿ ಪ್ರಾರ್ಥಿಸುತ್ತೇವೆ" ಎಂದೆ. ಧ್ವನಿವರ್ಧಕದಿಂದ ಅದು ನನ್ನ ಕಿವಿಗೇ ವಾಪಸ್ಸು ಬಂದಾಗಲಷ್ಟೇ ಏನು ಹೇಳಿದೆ ಎಂದು ತಿಳಿದದ್ದು.

ನಡುವೆ ಕೂತಿದ್ದ ಮುದುಕರು ಎದ್ದರು. ದನೈ ಚೀವರದ ತಟ್ಟೆ ಹಿಡಿದರು. ಮಂತ್ರಿ ಇನ್ನೊಂದು ಕಡೆಯಿಂದ ಮೆಟ್ಟಿಲು ತೋರಿಸುತ್ತಾ, "ಹುಷಾರು ಧಣಿ, ಇಲ್ಲಿ ಸ್ವಲ್ಪ ಜಾರುತ್ತೆ" ಎಂದರು. ನಮ್ಮ ಪ್ರಾಂತ್ಯದ ಎರಡು ಪಕ್ಷಗಳೂ ಅವರ ಎರಡು ಕೈಗಳ ಹಾಗೆ ಅಕ್ಕಪಕ್ಕ ಹತ್ತಿದವು.

ಮೇಲಿನ ಮೆಟ್ಟಿಲಿನಲ್ಲಿ ಸಾಯ್‌ಬುವಾ ಚಿತೆಗೆ ಹಾಕುವ ಗಂಧದ ಹೂ ಹಿಡಿದು ನಿಂತಿದ್ದಳು. ಅವಳು ಕೂಗಾಡಲಿಲ್ಲ. ಹೂವನ್ನು ನೆಲಕ್ಕಿಟ್ಟು, ಕೈಮುಗಿದು, ಮೆಟ್ಟಿಲಿಗೆ ಅಡ್ಡವಾಗಿ ಕೂತುಬಿಟ್ಟಳು.

"ಧಣಿಗಳು ದೊಡ್ಡ ಮನಸ್ಸು ಮಾಡಿ ಬಂದ್ರಿ. ಆದ್ರೆ ನನ್ನ ಗಂಡನ್ನ ಇವತ್ತು ಸುಡಲ್ಲ."

"ಏನಮ್ಮ ಇದು? ಮುಹೂರ್ತ ಮೀರುತ್ತೆ" ಎಂದರು ದನೈ.

"ಕೊಂದೋರು ಯಾರು ಅಂತ ಗೊತ್ತಾಗೋವರೆಗೂ ಸುಡಲ್ಲ. ಪೆಟ್ಟಿಗೆ ವಿಹಾರದಲ್ಲಿರುತ್ತೆ. ನೀವು ಹೆದರ್ಬೇಡಿ ಸಾಹೇಬ್ರೇ, ಅವರೇನು ಎದ್ದು ಬಂದು ನಿಮ್ಮ ಹತ್ರ ಏಡಿ ಸಾರಿನ ದುಡ್ಡು ಕೇಳಲ್ಲ."

ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು, ಆಮೇಲೆ ಅಳತೊಡಗಿದರು. ಧಣಿಗಳು ಸಿಟ್ಟಾಗಲಿಲ್ಲ. ಸಾಯ್‌ಬುವಾಗೆ ವಾಪಸ್ಸು ಕೈಮುಗಿದು ಇಳಿದರು. ಉಳಿದಿಬ್ಬರೂ ಹಿಂದೆಯೇ ಇಳಿದರು. ವಿಹಾರದ ಓಣಿ ಸಣ್ಣದಾದ್ದರಿಂದ ಒಂದೇ ಕಾರು ಒಳಗೆ ಬಂದಿತ್ತು. ಮೂವರೂ ಅದರಲ್ಲೇ ಹೋದರು.

ಸಾಯ್‌ಬುವಾ ನನ್ನ ಹತ್ತಿರ ಬಂದು, "ಎರಡು ಹೋರಿ ಗುದ್ದಾಡ್ತಾವೆ ಅಂತ ನಾವು ಒಂದೊಂದು ಕಡೆ ನಿಂತು ಕೂಗಿದ್ವಲ್ಲ ಮೇಷ್ಟ್ರೇ. ಎರಡಕ್ಕೂ ಹುಲ್ಲು ಹಾಕೋನು ಒಬ್ಬನೇ ಆಗಿದ್ದ" ಎಂದಳು. ಆಮೇಲೆ, "ಆ ಹೆಸರು ಹೆಂಗೆ ಓದಿದ್ರಿ?" ಎಂದು ಕೇಳಿದಳು.

ನಾನು ಮೈಕಿನ ತಂತಿ ಸುತ್ತತೊಡಗಿದೆ. ನಾಚಿಕೆಯಿಂದ ಸತ್ತುಹೋಗಿದ್ದೇನೆ. ನಿನ್ನ ಬಳಿಯಾದರೂ ಒಂದು ಉತ್ತರವಿದ್ದರೆ ಬರೆ.

ಮಾವ


ಬ್ಯಾಂಕಾಕ್
೨ ಜೂನ್

ಮಾವಾ,

ಇದನ್ನು ಓದಿದ ಮೇಲೆ ಸುಟ್ಟುಬಿಡಿ.

ನಿಮ್ಮ ತಂತಿ ಬಂದ ದಿನ ನಾನು ಕಚೇರಿಯಲ್ಲೇ ಇದ್ದೆ. ಫೋನಿನ ಪಕ್ಕದಲ್ಲೇ ಇದ್ದೆ. ಇಲ್ಲವೆಂದು ಹೇಳಿಸಿದ್ದು ನಾನು.

ಏಪ್ರಿಲ್ ಇಪ್ಪತ್ತರಂದು ಲಿಫ್ಟಿನಲ್ಲಿ ಸುತೀ ಸಿಕ್ಕಿದ್ದರು. "ನಿಮ್ಮೂರಿನ ಹಿರಿಯರು ಬಸ್ಸಲ್ಲಿ ಬರ್ತಾರಂತಲ್ಲ, ಪಾಪ. ಅಷ್ಟು ದೂರ ಕೂತು ಬರೋದು ಕಷ್ಟ, ರೈಲೇ ಸುಖವಾಗಿತ್ತು" ಎಂದರು. ಎಷ್ಟು ಕಾಳಜಿಯ ಮನುಷ್ಯ ಎಂದುಕೊಂಡೆ. ಮೇಲಿನ ಮಹಡಿ ಬಂತು, ಇಳಿದೆ. ಇವರಿಗೆ ಬಸ್ಸಿನ ಮಾತು ಹೇಗೆ ಗೊತ್ತಾಯಿತು ಎಂದು ಮನಸ್ಸಿಗೆ ಹೊಳೆದದ್ದು ಮಧ್ಯಾಹ್ನ ಊಟ ಮಾಡುವಾಗ. ಆಗಲೂ ಎರಡು ದಿನವಿತ್ತು ಮಾವಾ. ವಿಹಾರಕ್ಕೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಸಾಹೇಬರ ಮೇಲೆ ಅನುಮಾನಪಟ್ಟ ಹಾಗಾಗುತ್ತದೆ ಎಂದು ಮಾಡಲಿಲ್ಲ. ಅಷ್ಟೇ ಕಾರಣ, ಬೇರೇನೂ ಇಲ್ಲ. ತುತ್ತು ಬಾಯಿಗೆ ಹೋದಾಗಲೆಲ್ಲ ಆ ಮಧ್ಯಾಹ್ನ ನೆನಪಾಗುತ್ತದೆ.

ಸಮಿತಿ ಮೇ ಇಪ್ಪತ್ತೊಂದಕ್ಕೆ ತೀರ್ಮಾನ ಮಾಡಿತು. ಎಂಟು ಏಳು ಅಲ್ಲ. ಹದಿನೈದಕ್ಕೆ ಹದಿನೈದು. ದಂಡೆ ಹೋಯಿತು. ನಮ್ಮ ಸಾಹೇಬರೂ ಕೈ ಎತ್ತಿದರು. ಹೊರಗೆ ಬಂದ ಮೇಲೆ ಏಕೆ ಎಂದು ಕೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬಂದರು ಹೇಗೂ ಬರುತ್ತೆ, ಅದರ ಜೊತೆ ನಿಮ್ಮೂರಿಗೆ ಒಂದು ಆಸ್ಪತ್ರೆ ಕೇಳ್ಕೊಂಡಿದೀನಿ. ಚಾಮ್ನಾನ್ ಚುನಾವಣೆಗೂ ನನ್ನ ಚುನಾವಣೆಗೂ ಖರ್ಚು ಬರೋದು ಒಂದೇ ಕಡೆಯಿಂದ, ಮಯೋಮ್. ಇದೇನು ಗುಟ್ಟಲ್ಲ. ಯಾರೂ ಕೇಳ್ಲಿಲ್ಲ, ಅಷ್ಟೆ" ಎಂದರು. ಚಿಕ್ಕಪ್ಪನನ್ನು ಕೊಲ್ಲುತ್ತಾರೆಂದು ಗೊತ್ತಿತ್ತೇ ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು. "ಬರದೇ ಇರೋ ಹಾಗೆ ನೋಡ್ಕೊಳ್ತೀವಿ ಅಂತಷ್ಟೇ ಹೇಳಿದ್ರು" ಎಂದರು.

ಮರುದಿನ ಒಂದು ಕಾಗದ ಬಂತು. ಸಾಕ್ಷಿಯ ಪ್ರಯಾಣದ ವಿವರ ಈ ಕಚೇರಿಗೆ ಯಾರೂ ತಿಳಿಸಿರಲಿಲ್ಲ, ನಾನು ಯಾರಿಗೂ ಏನೂ ಬರೆದು ಕೊಟ್ಟಿಲ್ಲ ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು ಟೈಪಾಗಿತ್ತು. ಸುತೀ ಎದುರಿಗೆ ಕೂತಿದ್ದರು. ಪೆನ್ನು ಹುಡುಕಿದೆ. "ನಾನು ಕೊಟ್ಟಿದ್ದೇ ಇದೆಯಲ್ಲ" ಎಂದು ನಕ್ಕರು.

ಸಹಿ ಹಾಕಿದೆ, ಮಾವಾ.

ಈಗ ನಾನು ಬ್ಯಾಂಕಿನ ವಿದ್ಯಾರ್ಥಿವೇತನ ವಿಭಾಗದಲ್ಲಿದ್ದೇನೆ. ಬಡ ಮಕ್ಕಳ ಅರ್ಜಿ ಓದುವ ಕೆಲಸ. ಸಂಬಳ ಎರಡರಷ್ಟು, ಇರಲು ಕೋಣೆ. ಬೇಡ ಎನ್ನಲು ಧೈರ್ಯವಾಗಲಿಲ್ಲ. ಬೇಡ ಎಂದವರನ್ನು ಎಲ್ಲಿ ಕಾಯುತ್ತಾರೆಂದು ಈಗ ನನಗೆ ಗೊತ್ತಲ್ಲ. ಸಾಯ್‌ಬುವಾ ಚಿಕ್ಕಮ್ಮನಿಗೆ ಏನೂ ಹೇಳಬೇಡಿ. ನನ್ನನ್ನು ಕ್ಷಮಿಸಿ ಎಂದು ಬರೆಯಲೂ ನಾಚಿಕೆಯಾಗುತ್ತಿದೆ.

ಮಯೋಮ್


ಪಾಕ್‌ಬಾಂಗ್
೨೪ ಜೂನ್

ಮಗಳೇ,

ನಿನ್ನ ಕಾಗದ ಓದಿ ಮೊದಲು ನಿನ್ನನ್ನು ಬೈದೆ. ಬಾಗಿಲು ಹಾಕಿಕೊಂಡು, ನಿನ್ನ ಅಮ್ಮನ ಫೋಟೋದ ಎದುರು ನಿಂತು ಬೈದೆ. ಸಿಟ್ಟು ಇಳಿಯಲು ಒಂದು ವಾರ ಬೇಕಾಯಿತು. ಆಮೇಲೆ ಹೊಳೆಯಿತು. ಅದೇ ಮನುಷ್ಯ ನನ್ನ ಕೈಗೆ ಚೀಟಿ ಇಟ್ಟ, ಓದಿದೆ. ನಿನ್ನ ಕೈಗೆ ಕಾಗದ ಇಟ್ಟ, ಸಹಿ ಹಾಕಿದೆ. ನಿನ್ನನ್ನು ಬೆಳೆಸಿದವನು ನಾನೇ ತಾನೇ, ಬೇರೆ ಯಾರಿಂದ ಕಲಿಯುತ್ತಿದ್ದೆ?

ಕಾಗದ ಸುಟ್ಟಿಲ್ಲ.

ಇಲ್ಲಿ ಬೇಲಿಯ ಕಂಬಗಳು ಬಂದು ಬಿದ್ದಿವೆ. ಮಂತ್ರಿಯ ಕಡೆಯ ಗುತ್ತಿಗೆದಾರ ಕಂಬ ನೆಡುತ್ತಾನಂತೆ, ತಂತಿ ಎಳೆಯುವುದು ದನೈ ಅವರ ಭಾವಮೈದುನನಂತೆ. ಮೊದಲ ಹತ್ತು ಮನೆಗಳಿಗೆ ನೋಟೀಸು ಅಂಟಿಸಿದ್ದಾರೆ. ಕಾಫಿ ಅಂಗಡಿಯಲ್ಲಿ ಈಗ ಯಾರೂ ಪಕ್ಷದ ಜಗಳ ಆಡುವುದಿಲ್ಲ.

ಚಲೂಯ್‌ನ ಪೆಟ್ಟಿಗೆ ವಿಹಾರದ ಹಿಂದಿನ ಗೂಡಿನಲ್ಲಿದೆ. ಸಾಯ್‌ಬುವಾ ಪ್ರತಿ ಪೂಜೆಯ ದಿನ ಅವನಿಗೆ ಅನ್ನ, ಉಪ್ಪುಮೀನು ತಂದಿಡುತ್ತಾಳೆ. ಹೋಗುವಾಗ ನನ್ನ ಬಾಗಿಲಿಗೆ ಬಂದು, "ಮಯೋಮ್ ಏನಾದ್ರೂ ಬರೆದ್ಲಾ ಮೇಷ್ಟ್ರೇ? ಆ ಮಗೂಗೆ ಏನೂ ಆಗಿಲ್ವಲ್ಲ?" ಎಂದು ಕೇಳುತ್ತಾಳೆ. ನಿನ್ನ ಯೋಗಕ್ಷೇಮ ಕೇಳುತ್ತಾಳೆ, ಮಗಳೇ. ಅಂಚೆ ತಡ ಎಂದು ಮೂರು ಸಲ ಸುಳ್ಳು ಹೇಳಿದ್ದೇನೆ. ನಾಲ್ಕನೆಯ ಸಲ ನನ್ನಿಂದ ಆಗುವುದಿಲ್ಲ.

ಬರುವ ಹುಣ್ಣಿಮೆಗೆ ವಿಹಾರದಲ್ಲಿ ಊರೆಲ್ಲ ಸೇರುತ್ತದೆ. ಮೈಕು ನನ್ನದೇ. ಮೂವತ್ತು ವರ್ಷ ಬೇರೆಯವರು ಕೊಟ್ಟ ಚೀಟಿ ಓದಿದ್ದೇನೆ, ಈ ಸಲ ನಮ್ಮ ಮನೆಯ ಕಾಗದ ಓದುತ್ತೇನೆ. ಮೊದಲು ಏಪ್ರಿಲ್ ಎರಡರಂದು ನಾನು ನಿನಗೆ ಬರೆದದ್ದನ್ನು ಹೇಳುತ್ತೇನೆ, ಬಸ್ಸಿನ ಗುಟ್ಟನ್ನು ಊರಿನಿಂದ ಹೊರಗೆ ಕಳಿಸಿದವನು ನಾನೇ. ಆಮೇಲೆ ನಿನ್ನದನ್ನು ಓದುತ್ತೇನೆ, ಲಿಫ್ಟಿನ ಮಾತು, ಕಿಟಕಿಯ ಮಾತು, ಸಹಿಯ ಮಾತು ಎಲ್ಲವನ್ನೂ. ಇದರಿಂದ ನಿನಗೆ ಏನಾಗಬಹುದೆಂದು ನನಗೆ ಗೊತ್ತು. ನನಗೇನಾಗಬಹುದೆಂದೂ ಗೊತ್ತು. ಭಯವಿಲ್ಲ ಎಂದು ಹೇಳಲಾರೆ. ಇದರಿಂದ ಬೇಲಿಯ ಕೆಲಸ ನಿಲ್ಲುವುದಿಲ್ಲ ಎಂಬುದೂ ಗೊತ್ತು. ಆದರೂ ಓದುತ್ತೇನೆ.

ಸಾಯ್‌ಬುವಾಳನ್ನು ಒಂದು ದಿನ ಕೇಳಿದ್ದೆ, ದಹನದ ದಿನ ಬಂದರೆ ಕೊನೆಯ ಚೀವರ ಯಾರ ಕೈಯಿಂದ ಇಡಿಸಲಿ ಎಂದು. "ದೊಡ್ಡೋರು ಸಾಕು ಮೇಷ್ಟ್ರೇ. ಯಾರು ನಿಜ ಹೇಳ್ತಾರೋ ಅವರು ಇಡ್ಲಿ" ಎಂದಳು. ಹೊಸ ಪಟ್ಟಿ ಬರೆದಿದ್ದೇನೆ. ತಹಸೀಲ್ದಾರನಿಲ್ಲ, ಇನ್ಸ್‌ಪೆಕ್ಟರನಿಲ್ಲ. ಕೊನೆಯ ಸಾಲಿನಲ್ಲಿ ನಿನ್ನ ಹೆಸರು ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಗುರುತು ಹಾಕಿದ್ದೇನೆ. ಅದನ್ನು ಅಳಿಸುವುದು ನನ್ನ ಕೆಲಸವಲ್ಲ.

ಬ್ಯಾಂಕಾಕಿನಿಂದ ಆ ನೀಲಿ ಬಸ್ಸು ವಾಪಸ್ಸು ಬರುವಾಗ ಬೆಳಗ್ಗೆ ಆರಕ್ಕೆ ಮೂರುದಾರಿಯಲ್ಲಿ ನಿಲ್ಲುತ್ತದೆ. ಹುಣ್ಣಿಮೆಯ ಬೆಳಗ್ಗೆ ನಾನು ಅಲ್ಲಿರುತ್ತೇನೆ, ಚಲೂಯ್ ನಿಂತಿದ್ದ ಜಾಗದಲ್ಲೇ. ಮಳೆ ಶುರುವಾಗಿದೆ, ಎರಡು ಕೊಡೆ ತರುತ್ತೇನೆ.

ನಿನ್ನ ಮಾವ,
ಸಂಗುವಾನ್